ಡಿಕ್ರಿ ಬಂದರೂ ಕೈಗೆ ಬಾರದ ಆಸ್ತಿ: ವಿಚ್ಛೇದನದ ಆದೇಶವನ್ನು ಜಾರಿಗೆ ತರುವ ದಾರಿ

ಮಂಗಳೂರು ಅಥವಾ ಉಡುಪಿಯ ಕೌಟುಂಬಿಕ ನ್ಯಾಯಾಲಯದಿಂದ ಡಿಕ್ರಿ, ಅಂದರೆ ಮೊಕದ್ದಮೆಯನ್ನು ತೀರ್ಮಾನಿಸುವ ಅಧಿಕೃತ ಆದೇಶ, ಪಡೆದವರಲ್ಲಿ ಹಲವರು ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಎದುರು ಪಕ್ಷದವರು ಹಣ ಕಟ್ಟಿಯಾರು, ಮನೆ ಬಿಟ್ಟುಕೊಟ್ಟಾರು, ಚಿನ್ನ ತಂದು ಒಪ್ಪಿಸಿಯಾರು ಎಂದು ಕಾಯುತ್ತಾರೆ. ಕಾಯುವಷ್ಟು ಕಾಲವೂ ಎದುರಿನವರಿಗೆ ಆಸ್ತಿ ದಾಟಿಸಲು ಸಿಕ್ಕಿದ ಕಾಲ. ನ್ಯಾಯಾಲಯ ತಾನಾಗಿ ಯಾರ ಮನೆಬಾಗಿಲಿಗೂ ಹೋಗುವುದಿಲ್ಲ. ಗೆದ್ದವರೇ ಇನ್ನೊಂದು ಅರ್ಜಿ ಹಾಕಿ, ಇಂಥ ಆಸ್ತಿಯ ಮೇಲೆ ಇಂಥ ಕ್ರಮ ಬೇಕು ಎಂದು ಕೇಳಬೇಕು. ಅದೇ ಅಮಲ್ಜಾರಿ ಅರ್ಜಿ. ವಕೀಲರ ಬಾಯಲ್ಲಿ ‘ಇ.ಪಿ.’.

ಈ ಬರಹ ಆದೇಶ ಕೈಯಲ್ಲಿ ಹಿಡಿದು ಕುಳಿತವರಿಗೂ, ನಾಳೆಯೋ ನಾಡಿದ್ದೋ ರಾಜಿ ಪತ್ರಕ್ಕೆ ಸಹಿ ಹಾಕಲಿರುವವರಿಗೂ ಉಪಯೋಗಕ್ಕೆ ಬರಬೇಕು ಎಂಬುದು ನನ್ನ ಆಸೆ. ಎರಡನೆಯವರು ‘ಹಂತ 2’ ಅನ್ನು ಎರಡು ಸಲ ಓದಲಿ. ಪಡೆಯಬೇಕಾದವಳು ಹೆಂಡತಿಯೇ ಆಗಿರಬೇಕೆಂದಿಲ್ಲ. ಜಂಟಿ ಹೆಸರಿನ ಫ್ಲಾಟನ್ನು ಬಿಟ್ಟುಕೊಡಲು ಒಪ್ಪಿ, ಆಮೇಲೆ ಸಹಿಗೆ ಬಾರದ ಹೆಂಡತಿಯ ಮೇಲೂ ಗಂಡ ಇದೇ ದಾರಿಯಲ್ಲಿ ಹೋಗಬೇಕು.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತೆಗೆದುಬಿಡೋಣ. ಮದುವೆಯಾದ ಮಾತ್ರಕ್ಕೆ ನಮ್ಮ ಕಾನೂನಿನಲ್ಲಿ ಆಸ್ತಿ ಅರ್ಧ ಅರ್ಧ ಆಗುವುದಿಲ್ಲ. ಯಾರ ಹೆಸರಿನಲ್ಲಿದೆಯೋ, ಯಾರು ಹಣ ಹಾಕಿದ್ದಾರೋ ಅದರ ಮೇಲೆ ಹಕ್ಕು ನಿಲ್ಲುತ್ತದೆ. ಅದರಾಚೆಗೆ ಸಿಗುವುದು ಜೀವನಾಂಶ, ಸ್ತ್ರೀಧನ (ಹೆಂಡತಿಗೇ ಸೇರಿದ ಚಿನ್ನ, ಉಡುಗೊರೆಗಳು), ಮದುವೆಯ ಹೊತ್ತಿಗೆ ಇಬ್ಬರಿಗೂ ಸೇರಿಸಿ ಕೊಟ್ಟ ವಸ್ತುಗಳು, ಮತ್ತು ಇಬ್ಬರೂ ಒಪ್ಪಿ ಬರೆದುಕೊಂಡದ್ದು. ಆದ್ದರಿಂದ ಜಾರಿಯ ಹಂತದಲ್ಲಿ ‘ನ್ಯಾಯವಾಗಿ ನನಗೆ ಬರಬೇಕಾದದ್ದು’ ಎಂಬ ಮಾತಿಗೆ ಬೆಲೆಯಿಲ್ಲ. ಡಿಕ್ರಿಯಲ್ಲಿ ಏನು ಬರೆದಿದೆಯೋ ಅಷ್ಟೇ.

ಹಂತ 1: ಕೈಯಲ್ಲಿರುವುದು ಯಾವ ಕಾಗದ?

ಕೌಟುಂಬಿಕ ನ್ಯಾಯಾಲಯದ ಡಿಕ್ರಿಯಾದರೆ, 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 18ನೇ ಕಲಮಿನಂತೆ ಅದು ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವುಳ್ಳದ್ದು; ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ (‘ಆರ್ಡರ್’ ಎಂಬ ನಿಯಮಗಳ ಅಧ್ಯಾಯದ) ಪ್ರಕಾರ ಜಾರಿಯಾಗುತ್ತದೆ. ಮುಂದೆ ಕಾಯ್ದೆಯ ಹೆಸರಿಲ್ಲದೆ ಬರುವ ಕಲಮುಗಳು ಈ ಸಂಹಿತೆಯವು, ಬರೀ ‘ನಿಯಮ’ ಎಂದು ಬಂದರೆ ಈ 21ನೇ ಆದೇಶದವು. ಲೋಕ ಅದಾಲತ್‌ನಲ್ಲಿ ಆದ ರಾಜಿಯೂ ಡಿಕ್ರಿಗೆ ಸಮಾನ. ಅದರ ಮೇಲೆ ಮೇಲ್ಮನವಿಯೂ ಇಲ್ಲ, ಹಾಗಾಗಿ ಅದು ಗಟ್ಟಿ ಕಾಗದ.

ತಿಂಗಳ ಜೀವನಾಂಶದ ಆದೇಶ ಬೇರೆ ಜಾತಿಯದು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಾಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಇಲ್ಲಿ ವಾರಂಟ್ ಮೂಲಕ ವಸೂಲಿ. ಬಾಕಿ ಉಳಿಸಿದ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಸೆರೆವಾಸ ಆಗಬಹುದು. ಆದರೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ಇನ್ನಷ್ಟು ಸೇರಲಿ, ಒಟ್ಟಿಗೆ ಕೇಳೋಣ’ ಎಂದು ಕುಳಿತವರು ಈ ದಾರಿಯನ್ನೇ ಕಳೆದುಕೊಳ್ಳುತ್ತಾರೆ. 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಕೊಟ್ಟ ವಾಸದ ಹಕ್ಕಿನ, ಸ್ತ್ರೀಧನ ಮರಳಿಸುವ ಆದೇಶಗಳನ್ನು ಅದೇ ಮ್ಯಾಜಿಸ್ಟ್ರೇಟರ ಮುಂದೆ ಜಾರಿಗೆ ಕೇಳಬೇಕು. ವಿಚ್ಛೇದಿತ ಮುಸ್ಲಿಂ ಮಹಿಳೆಯರು ಮೆಹರ್ ಮತ್ತು ಮದುವೆಯ ವೇಳೆ ಸಿಕ್ಕ ಸ್ವತ್ತಿಗಾಗಿ 1986ರ ಕಾಯ್ದೆಯ 3ನೇ ಕಲಮಿನಡಿ ಪಡೆದ ಆದೇಶವನ್ನೂ ಮ್ಯಾಜಿಸ್ಟ್ರೇಟರೇ ವಸೂಲು ಮಾಡಿಸುತ್ತಾರೆ. ಅವರಿಗೆ ತಿಂಗಳ ಜೀವನಾಂಶದ ದಾರಿಯೂ ಮುಕ್ತ ಎಂದು ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ಹೇಳಿದೆ.

ಇನ್ನು, ನಮ್ಮ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಕಾಣುವ ಎರಡು ಕಾಗದಗಳು ಜಾರಿಗೆ ಬಾರವು. ಒಂದು, ಗುತ್ತಿನ ಮನೆಯಲ್ಲೋ ಸಮುದಾಯದ ಸಂಘದಲ್ಲೋ ಹಿರಿಯರ ಮುಂದೆ ಬರೆದ ಪಂಚಾಯಿತಿಕೆಯ ಪತ್ರ. ಅದಕ್ಕೆ ಮರ್ಯಾದೆಯ ಬಲವಿದೆ, ನ್ಯಾಯಾಲಯದ ಆದೇಶ ಜಾರಿ ಮಾಡುವ ನೌಕರರಾದ ಅಮೀನರನ್ನು ಕಳುಹಿಸುವ ಬಲವಿಲ್ಲ. ಎರಡು, ಕ್ರೈಸ್ತ ದಂಪತಿಗಳ ಮದುವೆಯನ್ನು ರದ್ದು ಮಾಡಿ ಚರ್ಚಿನ ನ್ಯಾಯಮಂಡಳಿ ಕೊಟ್ಟ ತೀರ್ಪು. ಅದಕ್ಕೆ ಸಿವಿಲ್ ಮಾನ್ಯತೆ ಕೋರಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ವಜಾ ಮಾಡಿತು. ಎರಡೂ ಸಂದರ್ಭಗಳಲ್ಲಿ ಒಪ್ಪಂದವನ್ನು ನ್ಯಾಯಾಲಯದ ಮುಂದಿಟ್ಟು ಡಿಕ್ರಿ ಮಾಡಿಸಿಕೊಂಡರೆ ಮಾತ್ರ ಮುಂದಿನ ಮಾತು.

ಹಂತ 2: ಆದೇಶದ ಕೊನೆಯ ಪುಟವನ್ನು ಅಕ್ಷರ ಬಿಡದೆ ಓದಿ

ತೀರ್ಪು ನಲವತ್ತು ಪುಟ ಇರಬಹುದು. ಜಾರಿ ಮಾಡುವ ನ್ಯಾಯಾಧೀಶರು ನೋಡುವುದು ಕೊನೆಯ ಆದೇಶದ ಭಾಗವನ್ನು ಮತ್ತು ಡಿಕ್ರಿಯನ್ನು. ಜಾರಿ ನ್ಯಾಯಾಲಯ ಡಿಕ್ರಿಯ ಹಿಂದೆ ಹೋಗುವಂತಿಲ್ಲ. ಅಲ್ಲಿ ಇಲ್ಲದ್ದನ್ನು ಸೇರಿಸುವಂತೆಯೂ ಇಲ್ಲ.

ರಾಜಿ ಪತ್ರಗಳಲ್ಲಿ ಇಂಥ ಸಾಲು ಸಾಮಾನ್ಯ: ‘ಪ್ರತಿವಾದಿಯು ಅರ್ಜಿದಾರಳಿಗೆ ಸೇರಿದ ಚಿನ್ನಾಭರಣಗಳನ್ನು ಹಾಗೂ ಮನೆಯನ್ನು ಕೊಡಲು ಒಪ್ಪಿರುತ್ತಾರೆ.’ ಓದಲು ಸಮಾಧಾನವಾಗುತ್ತದೆ, ಜಾರಿ ಮಾಡಲು ಏನೂ ಸಿಗುವುದಿಲ್ಲ. ಯಾವ ಆಭರಣ? ಎಷ್ಟು ತೂಕ? ಯಾವ ಮನೆ? ಯಾವಾಗ? ಕೊಡದಿದ್ದರೆ? ಅದೇ ಮಾತನ್ನು, ಷೆಡ್ಯೂಲ್ ಎಂಬ ಆಸ್ತಿಯ ವಿವರಪಟ್ಟಿ ಲಗತ್ತಿಸಿ, ಹೀಗೆ ಬರೆದರೆ ನೋಡಿ: ‘ಪ್ರತಿವಾದಿಯು ಎ ಷೆಡ್ಯೂಲಿನಲ್ಲಿ ಒಂದೊಂದಾಗಿ ವಿವರಿಸಿದ, ಒಟ್ಟು 320 ಗ್ರಾಂ ತೂಕದ ಆಭರಣಗಳನ್ನು ಈ ದಿನದಿಂದ 30 ದಿನಗಳೊಳಗೆ ನ್ಯಾಯಾಲಯದಲ್ಲಿ ಅರ್ಜಿದಾರಳಿಗೆ ಒಪ್ಪಿಸತಕ್ಕದ್ದು, ತಪ್ಪಿದಲ್ಲಿ ಪಾವತಿಯ ದಿನದ ಮಾರುಕಟ್ಟೆ ದರದಲ್ಲಿ ಅವುಗಳ ಮೌಲ್ಯವನ್ನು ಪಾವತಿಸತಕ್ಕದ್ದು.’ ‘40 ಪವನು’ ಎಂದು ಬಾಯಲ್ಲಿ ಹೇಳುವುದು ನಮ್ಮ ರೂಢಿ. ಷೆಡ್ಯೂಲಿನಲ್ಲಿ ಗ್ರಾಮಿನಲ್ಲೇ ಬರೆಯಿರಿ. ಕರಿಮಣಿ ಎಷ್ಟು ಗ್ರಾಂ, ಬಳೆ ಎಷ್ಟು ಜೊತೆ, ಸರದಲ್ಲಿ ಹರಳಿದೆಯೇ, ಬಿಲ್ಲು ಯಾವ ಅಂಗಡಿಯದು, ಮದುವೆಯ ಯಾವ ಫೋಟೋದಲ್ಲಿ ಕಾಣುತ್ತದೆ: ಅಷ್ಟು ವಿವರ ಬೇಕು. ಪರ್ಯಾಯ ಮೊತ್ತದ ಸಾಲನ್ನು ಬಿಡಲೇಬಾರದು. ಚಿನ್ನ ಕರಗಿ ಹೋದ ಮೇಲೆ ಉಳಿಯುವುದು ಆ ಸಾಲು ಮಾತ್ರ.

ಮನೆ ಅಥವಾ ಜಾಗದ ವಿಷಯದಲ್ಲಿ ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ, ಚೆಕ್ಕುಬಂದಿ, ಫ್ಲಾಟಾದರೆ ಬಾಗಿಲು ಸಂಖ್ಯೆ ಮತ್ತು ಅವಿಭಜಿತ ಹಕ್ಕಿನ ಪ್ರಮಾಣ ಬೇಕು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೋಂದಣಿ ಕಾಯ್ದೆಯ 17ನೇ ಕಲಮಿನಂತೆ, ದಾವೆಯ ವಿಷಯವೇ ಅಲ್ಲದ ಸ್ಥಿರಾಸ್ತಿಯನ್ನು ರಾಜಿಯಲ್ಲಿ ಸೇರಿಸಿ ಡಿಕ್ರಿ ಮಾಡಿಸಿದರೆ ಆ ಡಿಕ್ರಿಯನ್ನು ನೋಂದಾಯಿಸಬೇಕಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ನಾಲ್ಕು ತಿಂಗಳ ಗಡುವು. ಬರೀ ವಿಚ್ಛೇದನದ ಅರ್ಜಿಯಲ್ಲಿ ಕೊನೆಯ ಗಳಿಗೆಯಲ್ಲಿ ಜಾಗದ ಮಾತು ತುರುಕಿದವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಅರ್ಜಿಯಲ್ಲೇ ಆ ಆಸ್ತಿಯನ್ನು ಷೆಡ್ಯೂಲ್ ಮಾಡಿ ಸೇರಿಸಿಕೊಂಡಿರುವುದು ಲೇಸು. ಇನ್ನೂ ಲೇಸಾದದ್ದು, ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೆ ಕೊನೆಯ ಹೇಳಿಕೆ ಕೊಡುವ ಮೊದಲೇ ದಾನಪತ್ರ ಅಥವಾ ಹಕ್ಕುಬಿಡುಗಡೆ ಪತ್ರವನ್ನು ನೋಂದಾಯಿಸಿ ಮುಗಿಸಿಬಿಡುವುದು. ಪತಿ–ಪತ್ನಿಯರ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ದೊಡ್ಡ ರಿಯಾಯಿತಿ ಇದೆ. ಡಿಕ್ರಿ ಬಂದ ಮರುದಿನದಿಂದ ಅವರು ಪತಿ–ಪತ್ನಿಯರಲ್ಲ.

ಒಪ್ಪಿದ ಮಾತಿಗೆ ನ್ಯಾಯಾಂಗ ನಿಂದನೆಯ ಬಲವೂ ಬೇಕೆಂದರೆ, ‘ಹೀಗೆ ನಡೆದುಕೊಳ್ಳುವುದಾಗಿ ನ್ಯಾಯಾಲಯಕ್ಕೆ ಮುಚ್ಚಳಿಕೆ ಕೊಡುತ್ತೇನೆ’ ಎಂಬ ಮಾತು ಸ್ಪಷ್ಟವಾಗಿ ಇರಬೇಕು. ಕೇವಲ ರಾಜಿ ಮುರಿದರೆ ನಿಂದನೆಯಾಗದು, ನ್ಯಾಯಾಲಯಕ್ಕೆ ಕೊಟ್ಟ ಮುಚ್ಚಳಿಕೆ ಮುರಿದರೆ ಆಗುತ್ತದೆ. ಮುರಿದ ಒಂದು ವರ್ಷದೊಳಗೆ ಹೈಕೋರ್ಟಿಗೆ ಹೋಗಬೇಕು.

ಡಿಕ್ರಿ ಈಗಾಗಲೇ ಆಗಿಹೋಗಿ, ಅದರಲ್ಲಿ ಸರ್ವೆ ನಂಬರೋ ಹೆಸರೋ ತಪ್ಪಿದ್ದರೆ ಸಿವಿಲ್ ಸಂಹಿತೆಯ 152ನೇ ಕಲಮಿನಡಿ ಯಾವಾಗ ಬೇಕಾದರೂ ತಿದ್ದುಪಡಿ ಕೇಳಬಹುದು. ರಾಜಿಯ ಷರತ್ತುಗಳು ಅರ್ಜಿಯಲ್ಲಿದ್ದು, ಡಿಕ್ರಿಯಲ್ಲಿ ‘ವಿವಾಹ ವಿಸರ್ಜಿಸಲಾಗಿದೆ’ ಎಂದಷ್ಟೇ ಇದ್ದರೆ ತಡಮಾಡದೆ ಅದೇ ನ್ಯಾಯಾಲಯದ ಮುಂದೆ ಹೋಗಿ, ಷರತ್ತುಗಳನ್ನು ಡಿಕ್ರಿಯ ಭಾಗವಾಗಿಸಲು ಕೇಳಿ. ಪುನರವಲೋಕನಕ್ಕೆ ಇರುವುದು 30 ದಿನ.

ಹಂತ 3: ದೃಢೀಕೃತ ಪ್ರತಿ ಮತ್ತು ಕೇವಿಯಟ್

ತೀರ್ಪು ಹಾಗೂ ಡಿಕ್ರಿ ಎರಡರ ದೃಢೀಕೃತ ಪ್ರತಿಗೂ ಅಂದೇ ಅರ್ಜಿ ಹಾಕಿ. ಎರಡೆರಡು ಪ್ರತಿ ತೆಗೆದುಕೊಳ್ಳಿ. ಒಂದು ನ್ಯಾಯಾಲಯಕ್ಕೆ, ಇನ್ನೊಂದು ಉಪನೋಂದಣಿ ಕಚೇರಿಗೋ ತಾಲೂಕು ಕಚೇರಿಗೋ ಬೇಕಾಗುತ್ತದೆ.

ಕೌಟುಂಬಿಕ ನ್ಯಾಯಾಲಯದ ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು. ಕಾಯ್ದೆ ಹೇಳುವ ಅವಧಿ 30 ದಿನ. ಇಬ್ಬರೂ ಒಪ್ಪಿ ಆದ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ. ದಕ್ಷಿಣ ಕನ್ನಡ, ಉಡುಪಿ ಎರಡೂ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿವೆ. ನೀವು ಇಲ್ಲಿ ಅಮಲ್ಜಾರಿಗೆ ಓಡಾಡುತ್ತಿರುವಾಗ ಅಲ್ಲಿ ನಿಮ್ಮ ಬೆನ್ನಹಿಂದೆ ತಡೆಯಾಜ್ಞೆ ಆಗಬಾರದೆಂದರೆ 148ಎ ಕಲಮಿನಡಿ ಕೇವಿಯಟ್, ಅಂದರೆ ‘ನನ್ನ ಮಾತು ಕೇಳದೆ ಆದೇಶ ಮಾಡಬೇಡಿ’ ಎಂಬ ಮುನ್ಸೂಚನೆ, ಹಾಕಿಸಿ. ಅದು 90 ದಿನ ಜೀವಂತವಾಗಿರುತ್ತದೆ. ಮೇಲ್ಮನವಿ ಹಾಕಿದ್ದೇನೆ ಎಂದು ಎದುರಿನವರು ಹೇಳಿದ ಮಾತ್ರಕ್ಕೆ ಜಾರಿ ನಿಲ್ಲುವುದಿಲ್ಲ. ತಡೆಯಾಜ್ಞೆಯ ಪ್ರತಿ ತೋರಿಸಲಿ.

ಹಂತ 4: ಆಸ್ತಿ ಎಲ್ಲಿದೆ ಎಂದು ನೀವೇ ಹುಡುಕಿ

ಇಡೀ ಕೆಲಸದಲ್ಲಿ ಫಲ ಕೊಡುವ ಶ್ರಮ ಇದೊಂದೇ ಎಂದು ನಾನು ಹೇಳುತ್ತೇನೆ. ‘ಅವರ ಹತ್ತಿರ ಬೇಕಾದಷ್ಟಿದೆ’ ಎಂದು ಹೇಳಿದರೆ ನ್ಯಾಯಾಲಯಕ್ಕೆ ಏನೂ ಮಾಡಲಾಗದು. ಸರ್ವೆ ನಂಬರು, ಖಾತೆ ಸಂಖ್ಯೆ, ವಾಹನದ ಸಂಖ್ಯೆ ಕೊಟ್ಟರೆ ಮಾಡಬಹುದು.

ಕೃಷಿ ಜಮೀನಿಗೆ ಭೂಮಿ ಜಾಲತಾಣದ ಪಹಣಿ. 9ನೇ ಕಾಲಮಿನಲ್ಲಿ ಖಾತೆದಾರರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು ಕಾಣುತ್ತವೆ. ನೋಂದಣಿಯ ಚರಿತ್ರೆಗೆ ಕಾವೇರಿ 2.0 ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಯಿರಿ. ಮೊಕದ್ದಮೆ ಹೂಡಿದ ದಿನದಿಂದ ಇಂದಿನವರೆಗಿನ ಅವಧಿಯನ್ನು ವಿಶೇಷವಾಗಿ ನೋಡಿ. ಆ ನಡುವೆ ತಾಯಿಗೋ ತಮ್ಮನಿಗೋ ದಾನಪತ್ರ ಆಗಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಪಾಲಿಕೆ, ನಗರಸಭೆ ವ್ಯಾಪ್ತಿಯಲ್ಲಿ ಇ-ಖಾತಾ, ಗ್ರಾಮ ಪಂಚಾಯಿತಿಯಲ್ಲಿ ನಮೂನೆ 9 ಮತ್ತು 11 ನೋಡಬೇಕು.

ಮೂಲ ಮೊಕದ್ದಮೆಯ ಕಡತದಲ್ಲೇ ಒಂದು ನಿಧಿ ಇರುತ್ತದೆ. 2020ರ ನವೆಂಬರಿನ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಪಕ್ಷಗಳು ಆಸ್ತಿ–ಹೊಣೆಗಳ ಅಫಿಡವಿಟ್ ಸಲ್ಲಿಸಲೇಬೇಕು ಎಂದಿತು. ಎದುರಿನವರು ಅಲ್ಲಿ ತಾವೇ ಬರೆದುಕೊಟ್ಟ ಬ್ಯಾಂಕು, ಸಂಬಳ, ಠೇವಣಿಗಳ ಪಟ್ಟಿಯಿಂದ ಶುರುಮಾಡಿ. ಅದು ಇಲ್ಲದಿದ್ದರೆ 21ನೇ ಆದೇಶದ 41ನೇ ನಿಯಮದಡಿ, ಆಸ್ತಿಯ ವಿವರವನ್ನು ಪ್ರಮಾಣ ಮಾಡಿ ಸಲ್ಲಿಸುವಂತೆ ಆಜ್ಞೆ ಕೇಳಿ. ಆ ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಸಿವಿಲ್ ಸೆರೆಮನೆ ಆಗಬಹುದು. ವಕೀಲರು ಕಡಿಮೆ ಬಳಸುವ, ಆದರೆ ಬಹಳ ಚುರುಕಾದ ನಿಯಮ ಇದು.

ಮುಟ್ಟಲಾಗದ ಆಸ್ತಿಯ ಹಿಂದೆ ಓಡಿ ದಿನ ಕಳೆಯಬೇಡಿ. ಭವಿಷ್ಯನಿಧಿ, ಪಿಪಿಎಫ್, ಎದುರಿನವರ ಜೀವವಿಮೆಯ ಹಣ, ಸರ್ಕಾರಿ ಪಿಂಚಣಿ, ಕಸುಬಿನ ಉಪಕರಣ, ಉಡುವ ಬಟ್ಟೆ ಇವೆಲ್ಲ 60ನೇ ಕಲಮಿನಡಿ ಜಪ್ತಿಯಿಂದ ಹೊರಗೆ.

ಹಂತ 5: ಅರ್ಜಿ ಹಾಕುವುದು

ಡಿಕ್ರಿ ಕೊಟ್ಟ ನ್ಯಾಯಾಲಯದಲ್ಲೇ ಅರ್ಜಿ. ಆಸ್ತಿ ಅದರ ವ್ಯಾಪ್ತಿಯ ಹೊರಗಿದ್ದರೆ, ಉದಾಹರಣೆಗೆ ಡಿಕ್ರಿ ಉಡುಪಿಯದು, ಫ್ಲಾಟು ಬೆಂಗಳೂರಿನಲ್ಲಿ, 39ನೇ ಕಲಮಿನಡಿ ಡಿಕ್ರಿಯನ್ನು ಅಲ್ಲಿಯ ನ್ಯಾಯಾಲಯಕ್ಕೆ ವರ್ಗಾಯಿಸಲು ಕೇಳಬೇಕು.

11ನೇ ನಿಯಮದಂತೆ ಅರ್ಜಿ ಕೋಷ್ಟಕದ ರೂಪದಲ್ಲಿರುತ್ತದೆ: ಮೊಕದ್ದಮೆಯ ಸಂಖ್ಯೆ, ಪಕ್ಷಕಾರರು, ಡಿಕ್ರಿಯ ದಿನಾಂಕ, ಮೇಲ್ಮನವಿ ಆಗಿದೆಯೇ, ಈವರೆಗೆ ಎಷ್ಟು ಸಂದಾಯವಾಗಿದೆ, ಬಾಕಿ ಮತ್ತು ಬಡ್ಡಿ ಎಷ್ಟು, ಯಾವ ವಿಧಾನದಲ್ಲಿ ಜಾರಿ ಬೇಕು. ಕೊನೆಯ ಕಾಲಮು ಮುಖ್ಯ. ‘ಕಾನೂನು ಪ್ರಕಾರ ಜಾರಿ ಮಾಡಬೇಕು’ ಎಂದು ಬರೆದರೆ ಅರ್ಜಿ ಮುಂದೂಡಿಕೆಯಲ್ಲೇ ಸವೆಯುತ್ತದೆ. ಜಪ್ತಿಯೋ, ಸಂಬಳ ಕಡಿತವೋ, ಸ್ವಾಧೀನವೋ ಎಂದು ಬಿಡಿಸಿ ಬರೆಯಿರಿ. ಒಂದೇ ಡಿಕ್ರಿಯಲ್ಲಿ ಹಣವೂ ಚಿನ್ನವೂ ಮನೆಯೂ ಇದ್ದರೆ ಒಂದೊಂದಕ್ಕೂ ಅದರದೇ ವಿಧಾನ ಕೇಳಿ.

ಕಾಲಮಿತಿ 12 ವರ್ಷ. ಕಂತುಗಳಾದರೆ ಒಂದೊಂದು ಕಂತು ತಪ್ಪಿದ ದಿನದಿಂದ ಎಣಿಕೆ. ಆದರೆ ಇಂಥದ್ದನ್ನು ಮಾಡಲೇಬೇಕು ಎಂಬ ನಿರ್ದೇಶಾತ್ಮಕ ಪ್ರತಿಬಂಧಕಾಜ್ಞೆಗೆ ಮೂರೇ ವರ್ಷ. ಡಿಕ್ರಿಯಾಗಿ ಎರಡು ವರ್ಷ ದಾಟಿದ ಮೇಲೆ ಅರ್ಜಿ ಹಾಕಿದರೆ ಮೊದಲು ನೋಟಿಸು ಹೋಗಬೇಕಾಗುತ್ತದೆ. ನೋಟಿಸು ತಲುಪಿದ ಕೂಡಲೇ ಆಸ್ತಿ ಕೈಬದಲಾಗುತ್ತದೆ. ಎರಡು ವರ್ಷದೊಳಗೆ ಹಾಕುವುದರಲ್ಲಿ ಇರುವ ಲಾಭ ಇದೇ.

ಅಮಲ್ಜಾರಿ ಅರ್ಜಿ ಸಲ್ಲಿಸಿದ ಆರು ತಿಂಗಳೊಳಗೆ ಮುಗಿಯಬೇಕು, ಮೀರಿದರೆ ಕಾರಣ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರ ರಾಹುಲ್ ಎಸ್. ಷಾ ಪ್ರಕರಣದಲ್ಲಿ ಹೇಳಿದೆ. ಮೂರನೇ ಬಾರಿ ಸುಮ್ಮನೆ ದಿನ ಮುಂದೆ ಹೋದಾಗ ಈ ತೀರ್ಪಿನ ಪ್ರತಿಯನ್ನು ಮೆಮೊ ಜೊತೆಗೆ ಸಲ್ಲಿಸಿ. ವಿನಯದಿಂದಲೇ ಕೇಳಿ, ಆದರೆ ಕೇಳಿ. ನಿಮ್ಮ ಪ್ರಕರಣದ ಸಿ.ಎನ್.ಆರ್. ಸಂಖ್ಯೆ ಇಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ದಿನಾಂಕವನ್ನು ನೀವೇ ನೋಡಬಹುದು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಹಿಂದೆ ಸರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಎರಡೂ ಜಿಲ್ಲೆಗಳಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಸಹಾಯವಾಣಿ 15100.

ಹಂತ 6: ಯಾವ ಆಸ್ತಿಗೆ ಯಾವ ದಾರಿ

ಹಣ. ಸಂಬಳದಾರರಾದರೆ ಸಂಬಳ ಜಪ್ತಿಯೇ ನೇರ ದಾರಿ, ಸರ್ಕಾರಿ ನೌಕರರಿಗೂ ಖಾಸಗಿ ನೌಕರರಿಗೂ. ಜೀವನಾಂಶದ ಡಿಕ್ರಿಯಾದರೆ ಸಂಬಳದ ಮೂರನೇ ಒಂದು ಭಾಗ ಮಾತ್ರ ಅವರಿಗೆ ಉಳಿದು, ಮಿಕ್ಕದ್ದು ಜಪ್ತಿಗೆ ಸಿಗುತ್ತದೆ. ಬೇರೆ ಹಣದ ಡಿಕ್ರಿಯಾದರೆ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ವಿನಾಯಿತಿ. ಆದ್ದರಿಂದ ‘ಜೀವನಾಂಶ’ ಎಂಬ ಶಬ್ದ ಡಿಕ್ರಿಯಲ್ಲಿ ಇದೆಯೋ ಇಲ್ಲವೋ ಎನ್ನುವುದರಿಂದ ಕೈಗೆ ಬರುವ ಮೊತ್ತವೇ ಬದಲಾಗುತ್ತದೆ.

ಸಂಬಳವಿಲ್ಲದವರಿಂದ ವಸೂಲು ಮಾಡಲು ಊರಿನ ವ್ಯವಹಾರ ಗೊತ್ತಿರಬೇಕು. ಪುತ್ತೂರು, ಕಾರ್ಕಳದ ಕಡೆಯ ಅಡಿಕೆ ಬೆಳೆಗಾರರಿಗೆ ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೊದಿಂದಲೋ ವ್ಯಾಪಾರಿಯಿಂದಲೋ ಬರಬೇಕಾದ ಹಣವಿದ್ದರೆ, 46ಎ ನಿಯಮದಡಿ ಆ ಹಣವನ್ನು ನೇರ ನ್ಯಾಯಾಲಯಕ್ಕೆ ಕಟ್ಟುವಂತೆ ಕೊಡಬೇಕಾದವರಿಗೇ ನೋಟಿಸು ಕೊಡಿಸಬಹುದು. ಬ್ಯಾಂಕ್ ಖಾತೆ, ಸಹಕಾರಿ ಸಂಘದ ಠೇವಣಿ, ಅಂಗಡಿಯ ಬಾಡಿಗೆಗೂ ಇದೇ ದಾರಿ. ಮಲ್ಪೆಯ ಅಥವಾ ಮಂಗಳೂರು ಹಳೆ ಬಂದರಿನ ಬೋಟು ಎದುರಿನವರೊಬ್ಬರದೇ ಆಗಿದ್ದರೆ ಜಪ್ತಿ ಮಾಡಬಹುದು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟುಗಳು ದಕ್ಕೆಯಲ್ಲೇ ಇರುತ್ತವೆ. ವಾರಂಟು ಆ ಹೊತ್ತಿಗೆ ಕೈಯಲ್ಲಿರುವಂತೆ ಏಪ್ರಿಲ್‌ಗೂ ಮೊದಲೇ ಅರ್ಜಿ ಹಾಕಿ. ಆದರೆ ಬೋಟು ಪಾಲುದಾರಿಕೆಯದಾದರೆ, ಒಬ್ಬ ಪಾಲುದಾರನ ಸ್ವಂತ ಸಾಲಕ್ಕೆ ಬೋಟನ್ನು ಹಿಡಿಯುವಂತಿಲ್ಲ. 49ನೇ ನಿಯಮದಡಿ ಆತನ ಪಾಲಿನ ಮತ್ತು ಲಾಭದ ಮೇಲೆ ಹೊರೆ ಕೂರಿಸಲು ಮಾತ್ರ ಕೇಳಬಹುದು.

ಸ್ಥಿರಾಸ್ತಿಯನ್ನು 54ನೇ ನಿಯಮದಡಿ ಜಪ್ತಿ ಮಾಡಿಸಿದ ಮೇಲೆ ಅದನ್ನು ಮಾರಿದರೂ ಆ ಮಾರಾಟ ನಿಮ್ಮ ಹಕ್ಕಿನ ಎದುರು ನಿಲ್ಲುವುದಿಲ್ಲ. ಜಪ್ತಿಯ ಆದೇಶವನ್ನು ಉಪನೋಂದಣಾಧಿಕಾರಿಗೂ ತಹಶೀಲ್ದಾರರಿಗೂ ಕಳುಹಿಸುವಂತೆ ಅದೇ ಅರ್ಜಿಯಲ್ಲಿ ಕೋರಿ, ಪಹಣಿಯ 11ನೇ ಕಾಲಮಿನಲ್ಲಿ ಅದು ಏರಿದೆಯೇ ಎಂದು ಖುದ್ದಾಗಿ ನೋಡಿ. ಹೆಚ್ಚಿನ ಪ್ರಕರಣಗಳು ಹರಾಜಿನವರೆಗೆ ಹೋಗುವುದೇ ಇಲ್ಲ. ಪಹಣಿಯಲ್ಲಿ ಜಪ್ತಿಯ ಸಾಲು ಕಂಡು, ಬ್ಯಾಂಕು ಬೆಳೆಸಾಲ ಕೊಡಲು ನಿರಾಕರಿಸಿದ ದಿನವೇ ರಾಜಿಯ ಮಾತು ಬರುತ್ತದೆ.

ಸಿವಿಲ್ ಸೆರೆಯನ್ನೂ ಕೇಳಬಹುದು. ಶಕ್ತಿಯಿದ್ದೂ ಕೊಡುತ್ತಿಲ್ಲ, ಅಥವಾ ಆಸ್ತಿಯನ್ನು ಮೋಸದಿಂದ ದಾಟಿಸಿದ್ದಾರೆ ಎಂದು ತೋರಿಸಿದರೆ ಮೂರು ತಿಂಗಳವರೆಗೆ. ಸೆರೆಗೆ ಹೋಗಿಬಂದರೂ ಸಾಲ ತೀರುವುದಿಲ್ಲ. ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತಿಲ್ಲ.

ಚಿನ್ನ ಮತ್ತು ವಸ್ತುಗಳು. ಸ್ತ್ರೀಧನ ಸಂಪೂರ್ಣವಾಗಿ ಹೆಂಡತಿಯದೇ ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಿಂದ ಹಿಡಿದು 2024ರವರೆಗೂ ಹೇಳುತ್ತ ಬಂದಿದೆ. 31ನೇ ನಿಯಮದಡಿ ವಸ್ತುವನ್ನೇ ಹಿಡಿದು ಒಪ್ಪಿಸಬಹುದು, ಸಿಗದಿದ್ದರೆ ಸೆರೆ ಅಥವಾ ಬೇರೆ ಆಸ್ತಿಯ ಜಪ್ತಿ. ಜಪ್ತಿಯಾಗಿ ಮೂರು ತಿಂಗಳಾದರೂ ಕೊಡದಿದ್ದರೆ ಆ ಆಸ್ತಿಯನ್ನು ಮಾರಿ ಪರ್ಯಾಯ ಮೊತ್ತ ಕೊಡಿಸಬಹುದು.

ಅಮೀನರು ಹೋಗುವ ದಿನ ನೀವೂ ಹೋಗಬೇಕು. ಯಾವುದು ನಿಮ್ಮ ವಸ್ತು ಎಂದು ಗುರುತಿಸಿಕೊಡುವವರು ಬೇರೆ ಯಾರು? ಷೆಡ್ಯೂಲಿನ ನಾಲ್ಕು ಪ್ರತಿ, ಮದುವೆಯ ಫೋಟೋಗಳು, ಜೊತೆಗೆ ಇಬ್ಬರು ಸಾಕ್ಷಿಗಳು ಇರಲಿ. ಅಕ್ಕಸಾಲಿಗರೊಬ್ಬರನ್ನು ತಕ್ಕಡಿ ಸಮೇತ ಕರೆದುಕೊಂಡು ಹೋದರೆ ತೂಕದ ತಕರಾರು ಅಲ್ಲೇ ಮುಗಿಯುತ್ತದೆ. ವಸ್ತು ಹಿಡಿಯಲು ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ವಾಸದ ಮನೆಗೆ ಹೊಗುವಂತಿಲ್ಲ, ಬೆಳಿಗ್ಗೆಯೇ ಹೊರಡಿ. ಕಪಾಟು ತೆರೆದಾಗ ಸಿಕ್ಕಿದ್ದನ್ನು ಒಂದೊಂದಾಗಿ ಮಹಜರಿನಲ್ಲಿ ಬರೆಸಿ, ಓದಿ ನೋಡಿಯೇ ಸಹಿ ಹಾಕಿ. ಅರ್ಧವೇ ಸಿಕ್ಕಿದ್ದರೆ ‘ಷೆಡ್ಯೂಲಿನ 3, 5, 8ನೇ ವಸ್ತುಗಳು ಮಾತ್ರ ಸಿಕ್ಕಿವೆ’ ಎಂದು ನಿಮ್ಮ ಕೈಬರಹದಲ್ಲೇ ಸೇರಿಸಿ. ಗಲಾಟೆಯ ಭಯವಿದ್ದರೆ ಪೊಲೀಸ್ ರಕ್ಷಣೆಗೆ ಮೊದಲೇ ಅರ್ಜಿ ಹಾಕಿ ಆದೇಶ ಪಡೆದಿರಬೇಕು. ಠಾಣೆಗೆ ಹೋಗಿ ಬಾಯಲ್ಲಿ ಕೇಳಿದರೆ ಬರುವುದಿಲ್ಲ.

ಚಿನ್ನ ಬ್ಯಾಂಕ್ ಲಾಕರಿನಲ್ಲಿದ್ದರೆ, ನ್ಯಾಯಾಲಯ ತನ್ನ ಪರವಾಗಿ ನೇಮಿಸುವ ಕೋರ್ಟ್ ಕಮಿಷನರ ಸಮ್ಮುಖದಲ್ಲಿ ತೆರೆಸಲು ಕೇಳಿ. ಅಡವು ಇಟ್ಟಿದ್ದರೆ ಯಾವ ಶಾಖೆ, ಎಷ್ಟು ಸಾಲ ಎಂದು ಪತ್ತೆಮಾಡಿ, ಬಿಡಿಸಿಕೊಡುವಂತೆ ಎದುರಿನವರಿಗೆ ನಿರ್ದೇಶನ ಕೋರಿ. ನಂಬಿ ಕೊಟ್ಟ ಸ್ತ್ರೀಧನವನ್ನು ನುಂಗಿದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ಕ್ರಿಮಿನಲ್ ದೂರಿನ ದಾರಿ ಬೇರೆ ಇದೆ.

ಹೆಸರಿಗೆ ಬರೆದುಕೊಡಬೇಕಾದ ಮನೆ. ಎದುರಿನವರು ಉಪನೋಂದಣಿ ಕಚೇರಿಗೆ ಬಾರದಿದ್ದರೆ ಅವರ ಕೈಹಿಡಿದು ಸಹಿ ಹಾಕಿಸಬೇಕಾಗಿಲ್ಲ. 34ನೇ ನಿಯಮದಡಿ ಪತ್ರದ ಕರಡನ್ನು ನ್ಯಾಯಾಲಯಕ್ಕೆ ಕೊಡಿ. ಆಕ್ಷೇಪಣೆ ಕೇಳಿ, ಕರಡು ಒಪ್ಪಿದ ಮೇಲೆ ನ್ಯಾಯಾಲಯ ನೇಮಿಸಿದ ಅಧಿಕಾರಿಯೇ ಅವರ ಪರವಾಗಿ ಸಹಿ ಹಾಕುತ್ತಾರೆ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕವನ್ನು ನೀವು ಹೊಂದಿಸಿಟ್ಟುಕೊಳ್ಳಬೇಕು. ನಗರದ ಆಸ್ತಿಯ ನೋಂದಣಿಗೆ ಈಗ ಇ-ಖಾತಾ ಬೇಕು. ಅದು ಎದುರಿನವರ ಹೆಸರಿನಲ್ಲಿ ಆಗಿಲ್ಲದಿದ್ದರೆ ಪಾಲಿಕೆಗೆ ನಿರ್ದೇಶನ ನೀಡಬೇಕೆಂದು ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ.

ಸ್ವಾಧೀನ. 35ನೇ ನಿಯಮ. ಬೀಗ ಹಾಕಿ ಊರು ಬಿಟ್ಟಿದ್ದರೆ ಬೀಗ ಒಡೆಯುವ ಅನುಮತಿಯನ್ನೂ ಕೇಳಿ. ಒಳಗಿನ ಸಾಮಾನುಗಳ ಪಟ್ಟಿ ಮಾಡಿಸದೆ ಮನೆ ವಹಿಸಿಕೊಳ್ಳಬೇಡಿ.

ಪಾಲು. ಇಬ್ಬರ ಹೆಸರಿನ ಜಾಗವನ್ನು ವಿಭಾಗಿಸಲು ಆದ, ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುವ ಪ್ರಾಥಮಿಕ ಡಿಕ್ರಿಯನ್ನು ಜಾರಿ ಮಾಡಲಾಗದು. ಅಂತಿಮ ಡಿಕ್ರಿಗೆ ಅರ್ಜಿ ಹಾಕಬೇಕು. ಕಂದಾಯದ ಜಮೀನಿನ ವಿಭಜನೆಯನ್ನು ಕರ್ನಾಟಕದಲ್ಲಿ ತಿದ್ದುಪಡಿಯಾದ 54ನೇ ಕಲಮಿನಂತೆ ನ್ಯಾಯಾಲಯವೇ, ಬೇಕಾದರೆ ಕಂದಾಯ ಅಧಿಕಾರಿಯ ಅಥವಾ ಕಮಿಷನರ ವರದಿ ಪಡೆದು ಮಾಡುತ್ತದೆ, ಮನೆಯದು ಕಮಿಷನರ ಮೂಲಕ. ಐದು ಸೆಂಟ್ಸ್ ಜಾಗದ ಮನೆಯನ್ನು ಸೀಳಲಾಗದಿದ್ದರೆ ಮಾರಿ ಹಣ ಹಂಚುವುದೇ ದಾರಿ. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಬೇಕು. 12 ವರ್ಷದ ಎಣಿಕೆ ಡಿಕ್ರಿಯ ದಿನದಿಂದಲೇ ಹೊರತು ಛಾಪಾ ಕಾಗದ ಕೊಟ್ಟ ದಿನದಿಂದಲ್ಲ.

ಹಂತ 7: ಅಡ್ಡ ಬರುವವರು

‘ಈ ಮನೆ ಅವನದಲ್ಲ, ನನ್ನದು’ ಎಂದು ಬಾಗಿಲಲ್ಲಿ ನಿಲ್ಲುವವರು ತಾಯಿ, ತಂಗಿ, ತಮ್ಮ, ಅಥವಾ ಮೊನ್ನೆ ಮೊನ್ನೆ ಕೊಂಡವರು. 97ರಿಂದ 101ರವರೆಗಿನ ನಿಯಮಗಳಂತೆ ಇವರ ಹಕ್ಕನ್ನು ಅಮಲ್ಜಾರಿ ನ್ಯಾಯಾಲಯವೇ ತೀರ್ಮಾನಿಸುತ್ತದೆ. ಬೇರೆ ದಾವೆ ಬೇಡ. ಆ ಸ್ಥಿರಾಸ್ತಿಯ ಹಕ್ಕೇ ವಿವಾದದಲ್ಲಿದ್ದ ಮೊಕದ್ದಮೆ ನಡೆಯುತ್ತಿದ್ದಾಗ ಎದುರಿನವರಿಂದ ಕೊಂಡವರಿಗೆ ಅಡ್ಡಿ ಮಾಡುವ ಹಕ್ಕಿಲ್ಲ.

ಆದರೆ ತುಳುನಾಡಿನಲ್ಲಿ ತಾಯಿ ಮತ್ತು ತಂಗಿಯ ಮಾತು ಎಷ್ಟೋ ಸಲ ನಿಜವೇ ಆಗಿರುತ್ತದೆ. ಆಸ್ತಿ ಹೆಣ್ಣಿನ ಸಂತತಿಯ ಮೂಲಕ ಇಳಿದುಬರುವ ಅಳಿಯಸಂತಾನ ಪದ್ಧತಿಯ ಬಂಟ, ಬಿಲ್ಲವ, ಮೊಗವೀರ ಮುಂತಾದ ಕುಟುಂಬಗಳಲ್ಲಿ ಗಂಡ ಹುಟ್ಟಿನಿಂದ ಬೆಳೆದ ಮನೆ ಆತನ ತಾಯಿಯ ಕವರಿನದು, ಅಂದರೆ ಆಕೆಯ ಕಡೆಯ ಕುಟುಂಬ ಶಾಖೆಯದು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳ ಪ್ರಕಾರ ಅದರಲ್ಲಿ ಆತನ ಪಾಲೆಷ್ಟು ಎಂದು ತೀರ್ಮಾನವಾಗದೆ ಅದು ನಿಮ್ಮ ಡಿಕ್ರಿಗೆ ಸಿಗದು. ವಿಭಾಗ ಪತ್ರ ನೋಂದಣಿಯಾಗಿದೆಯೇ ಎಂದು ಮೊದಲು ನೋಡಿ. ಆಗಿದ್ದು, ಆತನಿಗೆ ಬಂದ ಷೆಡ್ಯೂಲು ಸಿಕ್ಕರೆ ಅದರ ಮೇಲೆ ಹೋಗಿ. ಆಗಿಲ್ಲದಿದ್ದರೆ ಸಂಬಳ, ಠೇವಣಿ, ಸ್ವಯಾರ್ಜಿತ ಜಾಗಗಳ ಕಡೆ ತಿರುಗಿ. ಸಂಬಂಧಿಕರ ಮನೆಯಾದರೂ ಕೂಡಿ ಬಾಳಿದ ಮನೆಯಲ್ಲಿ ಹೆಂಡತಿ ವಾಸದ ಹಕ್ಕು ಕೇಳಬಹುದು ಎಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ವಾಸದ ಮಾತು, ಒಡೆತನದ ಮಾತಲ್ಲ.

ಮೊಕದ್ದಮೆ ಇನ್ನೂ ನಡೆಯುತ್ತಿದೆಯೆಂದಾದರೆ, ತೀರ್ಪಿಗೆ ಮುಂಚಿನ ಜಪ್ತಿಗೆ 38ನೇ ಆದೇಶದ 5ನೇ ನಿಯಮದಡಿ ಈಗಲೇ ಅರ್ಜಿ ಹಾಕಿ.

ಹಂತ 8: ಎದುರಿನವರು ಗಲ್ಫಿನಲ್ಲಿದ್ದರೆ

ಅಲ್ಲಿಯ ಸಂಬಳವನ್ನು ಇಲ್ಲಿಯ ನ್ಯಾಯಾಲಯ ನೇರವಾಗಿ ಹಿಡಿಯಲಾರದು. ಇಲ್ಲಿರುವ ಎನ್.ಆರ್.ಇ. (ಅನಿವಾಸಿ ಭಾರತೀಯರ) ಬ್ಯಾಂಕ್ ಖಾತೆ, ಫ್ಲಾಟು, ಬಾಡಿಗೆಯನ್ನು ಹಿಡಿಯಬಹುದು, ಮತ್ತು ಗಲ್ಫಿನಲ್ಲಿ ದುಡಿದದ್ದು ಕೊನೆಗೆ ಬಂದು ಸೇರುವುದು ಇಲ್ಲಿಗೇ. ಅಲ್ಲಿಯ ನ್ಯಾಯಾಲಯದಲ್ಲೇ ಹಣದ ಡಿಕ್ರಿ ಆಗಿದ್ದರೆ ದೇಶ ಯಾವುದು ಎನ್ನುವುದು ಮುಖ್ಯ. ಯು.ಎ.ಇ.ಯನ್ನು 2020ರ ಜನವರಿಯಲ್ಲಿ 44ಎ ಕಲಮಿನಡಿ ಪರಸ್ಪರ ಮಾನ್ಯತೆಯ ದೇಶವೆಂದು ಭಾರತ ಘೋಷಿಸಿದೆ. ಅಲ್ಲಿಯ ಡಿಕ್ರಿಯನ್ನು ಇಲ್ಲಿಯ ಜಿಲ್ಲಾ ನ್ಯಾಯಾಲಯದಲ್ಲಿ ಜಾರಿಗೆ ಹಾಕಬಹುದು. ಸೌದಿ, ಕುವೈತ್, ಕತಾರ್‌ಗಳದ್ದಾದರೆ ಆ ತೀರ್ಪಿನ ಆಧಾರದ ಮೇಲೆ ಮೂರು ವರ್ಷದೊಳಗೆ ಇಲ್ಲಿ ಹೊಸ ದಾವೆ ಹೂಡಬೇಕು.

ಜೀವನಾಂಶದ ಅಥವಾ ಹಿಂಸಾಚಾರದ ಪ್ರಕರಣದಲ್ಲಿ ಬಂಧನ ವಾರಂಟ್ ಆಗಿದ್ದರೆ, ಪಾಸ್‌ಪೋರ್ಟ್ ಕಾಯ್ದೆಯ 10(3) ಕಲಮಿನಡಿ ಅದನ್ನು ಪಾಸ್‌ಪೋರ್ಟ್ ಅಧಿಕಾರಿಯ ಗಮನಕ್ಕೆ ತರಬಹುದು. ಪಾಸ್‌ಪೋರ್ಟನ್ನು ತಡೆಹಿಡಿಯುವ ಅಧಿಕಾರ ಅವರದು.

ಗಲ್ಫಿನಲ್ಲಿ ಇರುವವರು ನೀವೇ ಆದರೆ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರವನ್ನು ಊರಿನ ನಂಬಿಕಸ್ತರಿಗೆ ಕಳುಹಿಸಿ. ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಹಂತ 9: ಕೈಗೆ ಬಂದ ಮೇಲೆ

ನ್ಯಾಯಾಲಯದ ಹೊರಗೆ ಹಣ ತೆಗೆದುಕೊಂಡರೆ ಅಥವಾ ಕೊಟ್ಟರೆ 2ನೇ ನಿಯಮದಂತೆ ಅದನ್ನು ನ್ಯಾಯಾಲಯದಲ್ಲಿ ದಾಖಲಿಸಲೇಬೇಕು. ದಾಖಲಾಗದ ಪಾವತಿಯನ್ನು ಅಮಲ್ಜಾರಿ ನ್ಯಾಯಾಲಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಡುವವರಿಗೆ ಇದು ಜೀವದ ಪ್ರಶ್ನೆ: ಸಂಬಂಧಿಕರ ಮುಂದೆ ನಗದು ಕೊಟ್ಟು ಸುಮ್ಮನಾದವರು ಎರಡನೇ ಸಲ ಕಟ್ಟಬೇಕಾದೀತು. ಬ್ಯಾಂಕಿನ ಮೂಲಕವೇ ಕೊಡಿ.

ಜಂಟಿ ಗೃಹಸಾಲದ ವಿಷಯದಲ್ಲಿ ಬಹಳ ಜನ ಏಟು ತಿನ್ನುತ್ತಾರೆ. ‘ಸಾಲವನ್ನು ಅವರು ಕಟ್ಟತಕ್ಕದ್ದು’ ಎಂದು ಡಿಕ್ರಿಯಲ್ಲಿದ್ದರೂ ಬ್ಯಾಂಕು ಅದಕ್ಕೆ ಪಕ್ಷಕಾರನಲ್ಲ. ಅವರು ಕಟ್ಟದಿದ್ದರೆ ಬ್ಯಾಂಕು ನಿಮ್ಮನ್ನೇ ಹಿಡಿಯುತ್ತದೆ, ನಿಮ್ಮ ಸಿಬಿಲ್ ಅಂಕವೇ ಬೀಳುತ್ತದೆ. ಡಿಕ್ರಿಯ ಪ್ರತಿಯೊಂದಿಗೆ ಶಾಖೆಗೆ ಹೋಗಿ, ಸಾಲವನ್ನು ಒಬ್ಬರ ಹೆಸರಿಗೆ ಬದಲಿಸಿ ನಿಮ್ಮನ್ನು ಬಿಡುಗಡೆ ಮಾಡಿದ ಪತ್ರವನ್ನು ಲಿಖಿತವಾಗಿ ಪಡೆಯಿರಿ. ಬ್ಯಾಂಕು ಒಪ್ಪದಿದ್ದರೆ, ನೀವು ಕಟ್ಟಿದ ಒಂದೊಂದು ಕಂತನ್ನೂ ಅಮಲ್ಜಾರಿಯಲ್ಲಿ ವಸೂಲಿಗೆ ಕೇಳಲು ರಸೀದಿ ಇಟ್ಟುಕೊಳ್ಳಿ.

ಮನೆ ನಿಮ್ಮ ಹೆಸರಿಗೆ ಆದ ಕೂಡಲೇ ಪಹಣಿಯ ಮ್ಯುಟೇಶನ್ ಅಥವಾ ಇ-ಖಾತಾ ಬದಲಾವಣೆ, ಮನೆ ತೆರಿಗೆ, ಮೆಸ್ಕಾಂ ಮೀಟರು, ನೀರಿನ ಸಂಪರ್ಕ, ಫ್ಲಾಟಾದರೆ ಮಾಲೀಕರ ಸಂಘದ ಪುಸ್ತಕ ಇವುಗಳಲ್ಲಿ ಹೆಸರು ಬದಲಿಸಿ. ನಿಮ್ಮ ಬ್ಯಾಂಕ್ ಖಾತೆ, ವಿಮೆ, ಭವಿಷ್ಯನಿಧಿಗಳಲ್ಲಿ ಹಳೆಯ ನಾಮನಿರ್ದೇಶನ ಹಾಗೆಯೇ ಉಳಿದಿರುತ್ತದೆ. ಡಿಕ್ರಿಯಿಂದ ಅದು ತಾನಾಗಿ ಬದಲಾಗುವುದಿಲ್ಲ. ಎಲ್ಲ ಬಾಕಿ ತೀರಿದ ಮೇಲಷ್ಟೇ ‘ಪೂರ್ಣ ತೃಪ್ತಿ’ ಎಂದು ಮೆಮೊ ಕೊಡಿ. ಒಂದು ಕಂತೋ ಒಂದು ಬಳೆಯೋ ಉಳಿದಿದ್ದರೂ ‘ಭಾಗಶಃ ತೃಪ್ತಿ’ ಎಂದೇ ಬರೆಯಿಸಿ, ಉಳಿದದ್ದಕ್ಕೆ ಮತ್ತೆ ಅರ್ಜಿ ಹಾಕುವ ಹಕ್ಕನ್ನು ಕಾದಿರಿಸಿಕೊಳ್ಳಿ.